ಸೋತ ನೌಕಾಪತಿಯ ಚರಿತ್ರೆ

ಗೆದ್ದವರ ಚರಿತ್ರೆಯನ್ನು ಓದುವವರು ಬಹು ಮಂದಿ. ಸೋತವರದನ್ನು ಕೇಳುವವರು ವಿರಳ. ಆದರೆ ಗೆಲವು ಕಲಿಸಲಾರದ ಪಾಠವನ್ನು ಸೋಲು ಒಮ್ಮೊಮ್ಮೆ ಕಲಿಸುವುದುಂಟು. ಈ ತಿಂಗಳು ನಾವು ವಾಚಕರ ಮುಂದಿಡುವುದು ಅಂತಹ ಒಬ್ಬ ಆಂಗ್ಲ ನೌಕಾಪತಿಯ ವೃತ್ತಾಂತ.

ಕ್ರಿಸ್ಟೊಫರ್ ಕ್ರಾಡಕನು 1862 ನೆಯ ಇಸವಿಯಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಹುಟ್ಟಿದನು. ಹದಿಮೂರನೆಯ ವಯಸ್ಸಿಗೇ ತಾಯಿತಂದೆಗಳ ಮನೆಯನ್ನು ಬಿಟ್ಟು ‘ಬ್ರಿಟಾನಿಯಾ’ ಎಂಬ ಶಿಕ್ಷಣನೌಕೆಯನ್ನು ಸೇರಿದನು. ಅಲ್ಲಿಂದ ಮುಂದೆ ಹಡಗೇ ಅವನಿಗೆ ಮನೆಯಾಯಿತು. ಮದುವೆಯನ್ನೂ ಅವನು ಮಾಡಿಕೊಳ್ಳಲಿಲ್ಲ. 1900 ರಲ್ಲಿ ಚೀನದಲ್ಲಿ ಬಾಕ್ಸರ್ ದಂಗೆಯೆದ್ದಾಗ ಟಾಕು ಕೋಟೆಗಳನ್ನು ಹಿಡಿಯುವುದರಲ್ಲಿ ಮುಂದಾಳಾಗಿ ಹೆಸರು ಪಡೆದನು. ಬಿಡುವಿನ ವೇಳೆಯಲ್ಲಿ ಲೇಖನಿಯನ್ನು ಹಿಡಿದು, ನೌಕಾಕಾರ್ಯವನ್ನು ಕುರಿತು ಪುಸ್ತಕಗಳನ್ನೂ ಬರೆದನು. 1911 ನೆಯ ಡಿಸೆಂಬರಿನಲ್ಲಿ ‘ಡೆಲ್ಲಿ’ ಎಂಬ ಪ್ರಯಾಣಿಕರ ಹಡಗು ಮೊರಾಕೊ ತೀರದಲ್ಲಿ ನೆಲಕ್ಕೆ ತಗುಲಿ ಒಡೆಯಿತು. ಐದನೆಯ ಜಾರ್ಜ್ ದೊರೆಯ ಸೋದರಿಯೂ ಆಕೆಯ ಪರಿವಾರವೂ ಅದರಲ್ಲಿದ್ದರು. ಉಕ್ಕುವ ಅಲೆಗಳ ನಡುವೆ ಜನರನ್ನು ದಡಕ್ಕೆ ಸೇರಿಸುವ ಕಾರ್ಯವನ್ನು ನಡೆಸಿದವನು ಕ್ರಾಡಕನೇ. ಅದಕ್ಕಾಗಿ ಅವನಿಗೆ ‘ಸರ್’ ಪದವಿಯು ಲಭಿಸಿತು.

1914 ನೆಯ ಆಗಸ್ಟಿನಲ್ಲಿ ಮಹಾಯುದ್ಧವು ಮೊದಲಾಯಿತು. ಅದೇ ತಿಂಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಅಡ್ಮಿರಲ್ ಟ್ರೂಬ್ರಿಜ್ ಎಂಬವನು, ತನಗಿಂತ ಬಲವಾದ ಶತ್ರುವಿನೊಡನೆ ಕಾದಬಾರದೆಂಬ ಆಜ್ಞೆಯನ್ನು ನೆನೆದು, ಜರ್ಮನರ ‘ಗೋಬೆನ್’ ನೌಕೆಯನ್ನು ಎದುರಿಸದೆ ಹಿಂದಿರುಗಿದನು. ಗೋಬೆನ್ ತಪ್ಪಿಸಿಕೊಂಡು ತುರ್ಕಿಯನ್ನು ಸೇರಿತು. ಮೇಲಿನವರು ಟ್ರೂಬ್ರಿಜನನ್ನು ಕರೆಸಿ ವಿಚಾರಣೆಗೆ ಗುರಿಮಾಡಿದರು. ನವೆಂಬರಿನಲ್ಲಿ ಸೈನಿಕ ನ್ಯಾಯಸ್ಥಾನವು ಅವನನ್ನು ನಿರ್ದೋಷಿಯೆಂದಿತು. ಆದರೂ ಕಡಲಿನ ಮೇಲಿನ ಅಧಿಕಾರವು ಮತ್ತೆಂದೂ ಅವನಿಗೆ ದೊರೆಯಲಿಲ್ಲ. ಟ್ರೂಬ್ರಿಜನ ಗತಿ ತನಗೆ ಬಾರದಂತೆ ನೋಡಿಕೊಳ್ಳುವೆನೆಂದು ಕ್ರಾಡಕನು ಸ್ನೇಹಿತನೊಬ್ಬನಿಗೆ ಕಾಗದ ಬರೆದಿದ್ದನು.

ಆ ವೇಳೆಗೆ ಜರ್ಮನ್ ಅಡ್ಮಿರಲ್ ಫಾನ್ ಸ್ಪೇಯು ತನ್ನ ನೌಕಾದಳದೊಡನೆ ಶಾಂತಸಾಗರವನ್ನು ದಾಟಿ ದಕ್ಷಿಣ ಅಮೆರಿಕದತ್ತ ಬರುತ್ತಿದ್ದನು. 1914 ನೆಯ ಸೆಪ್ಟೆಂಬರ್ 22 ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿದ ‘ಎಮ್ಡನ್’ ಹಡಗು ಈ ದಳದಿಂದಲೇ ಬೇರ್ಪಟ್ಟು ಬಂದುದು. ಸ್ಪೇಯನ್ನು ಹುಡುಕುವ ಭಾರವು ಕ್ರಾಡಕನ ಮೇಲೆ ಬಿದ್ದಿತು. ಅವನ ‘ಗುಡ್ ಹೋಪ್’ ಹಳೆಯ ನೌಕೆ. ಅದರ ನಾವಿಕರಲ್ಲಿ ಹೆಚ್ಚಿನವರು ಯುದ್ಧಕ್ಕೆಂದು ಹೊಸದಾಗಿ ಕರೆಸಿಕೊಂಡವರು. ಬಲವಾದ ‘ಡಿಫೆನ್ಸ್’ ನೌಕೆ ಬೇಕೆಂದರೆ, ಲಂಡನಿನ ನೌಕಾಖಾತೆಯವರು ಅದನ್ನು ಬೇರೆಡೆ ನಿಲ್ಲಿಸಿಕೊಂಡು, ನಿಧಾನಗತಿಯ ಹಳೆಯ ‘ಕೆನೋಪಸ್’ ಸಾಕೆಂದರು. ಕಾದಬೇಕೋ ಕಾಯಬೇಕೋ ಎಂಬುದನ್ನು ಅವರ ತಂತಿಗಳು ಸ್ಪಷ್ಟವಾಗಿ ಹೇಳಲಿಲ್ಲ.

ನವೆಂಬರ್ 1 ರ ಸಂಜೆ ಚಿಲಿ ದೇಶದ ಕೊರೊನೆಲ್ ಪಟ್ಟಣದ ಎದುರಿನ ಕಡಲಿನಲ್ಲಿ ಎರಡು ದಳಗಳೂ ಸಂಧಿಸಿದವು. ಕೆನೋಪಸ್ ನೂರಾರು ಮೈಲಿ ಹಿಂದೆ ಉಳಿದಿತ್ತು. ಜರ್ಮನರ ಎರಡು ದೊಡ್ಡ ನೌಕೆಗಳಲ್ಲಿ 8.2 ಅಂಗುಲದ ಫಿರಂಗಿಗಳು 16. ಅವಕ್ಕೆ ಸರಿದೂಗುವಂತಹವು ಗುಡ್ ಹೋಪಿನಲ್ಲಿ ಎರಡೇ. ಆದರೂ ಕ್ರಾಡಕನು ಹಿಂದೆಗೆಯಲಿಲ್ಲ. ಸೂರ್ಯನು ಮುಳುಗಿದೊಡನೆ ಪಡುವಣ ಬಾನಿನ ಕೆಂಪಿಗೆ ಆಂಗ್ಲ ಹಡಗುಗಳು ಬರೆದಿಟ್ಟಂತೆ ಕಂಡವು. ತೀರದ ಕಡೆಯಿದ್ದ ಜರ್ಮನ್ ಹಡಗುಗಳನ್ನು ಕತ್ತಲೆಯು ಮರೆಮಾಡಿತು. ಆ ರಾತ್ರಿಯೇ ಗುಡ್ ಹೋಪೂ ಅದರ ಜೊತೆಯ ‘ಮನ್‌ಮತ್’ ನೌಕೆಯೂ ಮುಳುಗಿದವು. ಅವುಗಳಲ್ಲಿದ್ದ ಸುಮಾರು 1,600 ಮಂದಿಯಲ್ಲಿ ಒಬ್ಬನಾದರೂ ಉಳಿಯಲಿಲ್ಲ. ಜರ್ಮನರ ಕಡೆ ಮೂವರಿಗೆ ಗಾಯವಾಯಿತು, ಅಷ್ಟೇ.

ಲಂಡನಿನವರು ಆಗ ಎಚ್ಚತ್ತು ಎರಡು ಮಹಾನೌಕೆಗಳನ್ನು ಕಳುಹಿಸಿದರು. ಡಿಸೆಂಬರ್ 8 ರಂದು ಫಾಕ್‌ಲೆಂಡ್ ದ್ವೀಪಗಳ ಬಳಿ ಸ್ಪೇಯೂ ಅವನ ಇಬ್ಬರು ಗಂಡುಮಕ್ಕಳೂ ಮಡಿದರು. ಯಾರ್ಕ್ ನಗರದ ದೊಡ್ಡ ದೇವಾಲಯದಲ್ಲಿ ಕ್ರಾಡಕನಿಗೆ ಸ್ಮಾರಕವನ್ನು ನಿಲ್ಲಿಸಿದರು.

ಕ್ರಾಡಕನು ಶೂರನೋ ದುಡುಕಿನವನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ತಾನು ಮುಳುಗಿದರೂ ಶತ್ರುವಿಗೆ ಪೆಟ್ಟಾದರೆ ಸಾಕೆಂದು ಅವನು ಎಣಿಸಿರಬಹುದು. ಆದರೆ ಪಣವಾಗಿ ಒಡ್ಡಿದ್ದು ಅವನೊಬ್ಬನ ಪ್ರಾಣವಲ್ಲ. ಸಾವಿರಾರು ಮನೆಗಳ ದೀಪಗಳು. ಅವನ ತಪ್ಪನ್ನು ಇಲ್ಲವೆನ್ನಲಾಗದು. ಅವನಿಗಿಂತಲೂ ಹೆಚ್ಚಿನ ತಪ್ಪು, ಹಿಂದೆಗೆದವನನ್ನು ದಂಡಿಸಿ ಮುಂದಿನವನಿಗೆ ಅಸ್ಪಷ್ಟವಾದ ಆಜ್ಞೆ ಕೊಟ್ಟವರದೆಂದು ನಮಗೆ ತೋರುತ್ತದೆ. ವಿವೇಕಕ್ಕೆ ಅಪಮಾನವೇ ಫಲವೆಂದು ಒಮ್ಮೆ ತೋರಿಸಿಕೊಟ್ಟ ಮೇಲೆ, ಕೈಕೆಳಗಿನವರಿಂದ ವಿವೇಕವನ್ನು ನಿರೀಕ್ಷಿಸುವುದೆಂತು? ಮನೆಯಲ್ಲಿ ಮಕ್ಕಳಿಗೆ, ಕಚೇರಿಯಲ್ಲಿ ಕಿರಿಯರಿಗೆ ಕೆಲಸ ಹೇಳುವ ನಮ್ಮೆಲ್ಲರಿಗೂ ಈ ಪ್ರಶ್ನೆ ಸಲ್ಲುವಂತಹದು.