ಗಡಿನಾಡಿನ ಟಪಾಲು ಮತ್ತು ಐದು ಅಂಕದ ಲೆಕ್ಕ

ಜತ್ತ: ಉಮದಿ ಭಾಗದ ಹುಡುಗನೊಬ್ಬ ಗಡಿನಾಡ ಕನ್ನಡಿಗ ಮೀಸಲಾತಿಯಡಿ ಕರ್ನಾಟಕದ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದ. ದಾಖಲೆ ಪರಿಶೀಲನೆಗೆ ಕರೆದ ಇ-ಮೇಲ್ ಬಂದಿತ್ತು. ಆದರೆ ಬಿದ್ದದ್ದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ. ಅವನು ನೋಡುವಷ್ಟರಲ್ಲಿ ತಾರೀಖು ಮುಗಿದಿತ್ತು.

ಇದು ಯಾರೂ ಬೇಕಂತ ಮಾಡಿದ್ದಲ್ಲ, ಅಂಕದ ಲೆಕ್ಕ. ಸಂಸ್ಥೆಗಳ ಮೇಲ್ ಸರ್ವರ್‌ಗಳಲ್ಲಿ ಬಳಕೆಯಲ್ಲಿರುವ ಸ್ಪ್ಯಾಮ್‌ಅಸ್ಯಾಸಿನ್ ಎಂಬ ಉಚಿತ ತಂತ್ರಾಂಶವನ್ನೇ ನೋಡಿ. ಲಕೋಟೆಯ ಮೇಲಿನ ವಿಳಾಸ, ಮುದ್ರೆಗಳಿದ್ದ ಹಾಗೆ ಪ್ರತಿ ಇ-ಮೇಲ್‌ಗೂ ಹೆಡರ್ ಇರುತ್ತದೆ. ಅದನ್ನೂ ಒಳಗಿನ ಬರಹವನ್ನೂ ಪರೀಕ್ಷಿಸಿ, ಪ್ರತಿ ಅನುಮಾನಕ್ಕೂ ಅಂಕ ಹಾಕಲಾಗುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ ಒಟ್ಟು 5 ಅಂಕವಾದರೆ ಸ್ಪ್ಯಾಮ್. ಯಾವ್ಯಾವ ನಿಯಮ ತಗುಲಿತು ಎಂಬುದು ‘ಎಕ್ಸ್-ಸ್ಪ್ಯಾಮ್-ಸ್ಟೇಟಸ್’ ಎಂಬ ಹೆಡರ್ ಸಾಲಿನಲ್ಲಿರುತ್ತದೆ.

ಗಡಿನಾಡಿನವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಇದೇ ತಂತ್ರಾಂಶದಲ್ಲಿ ಭಾಷೆ ಗುರುತಿಸಿ ಬೇಡದ್ದಕ್ಕೆ ಅಂಕ ಹಾಕುವ ಭಾಗವಿದೆ. ಅದು ತಾನಾಗಿ ಚಾಲೂ ಇರುವುದಿಲ್ಲ. 3.3ನೇ ಆವೃತ್ತಿಯ ಭಾಷಾಪಟ್ಟಿಯಲ್ಲಿ ಮರಾಠಿ, ಹಿಂದಿ, ತಮಿಳು ಇದ್ದವು; ಕನ್ನಡ ಇರಲಿಲ್ಲ. ಅಂಥ ಪಟ್ಟಿ ನಂಬಿ ನಿಯಮ ಹಾಕುವ ಮುನ್ನ ನಾಲ್ಕು ಕನ್ನಡ ಪತ್ರ ಕಳಿಸಿ ನೋಡುವುದು ಲೇಸು.

ಸ್ವಂತ ಸರ್ವರ್ ಇರುವ ಶಾಲೆ, ಸಹಕಾರಿ ಸಂಘಗಳು ತಮ್ಮದೇ ನಿಯಮ ಬರೆಯಬಹುದು. ಯಾವ ಹೆಡರ್‌ನಲ್ಲಿ ಯಾವ ಪದ ಹುಡುಕಬೇಕು, ಎಷ್ಟು ಅಂಕ ಎಂದು ಹೇಳಿದರಾಯಿತು. ಆದರೆ ‘ಸಾಲ’ ಎಂಬ ಒಂದೇ ಪದಕ್ಕೆ 5 ಅಂಕ ಇಟ್ಟರೆ ಮೋಸಗಾರರ ಜೊತೆ ಪೀಕ ಸಾಲದ ನೋಟಿಸೂ ಕಸಕ್ಕೆ ಹೋಗುತ್ತದೆ. ಒಂದು, ಒಂದೂವರೆ ಅಂಕ ಸಾಕು. ಮೊದಲು 0.01 ಇಟ್ಟು ಕೆಲ ದಿನ ಪರೀಕ್ಷಿಸಿ. ಸೊನ್ನೆ ಇಟ್ಟರೆ ನಿಯಮವೇ ಬಂದ್ ಆಗುತ್ತದೆ. ಬೇಕಾದವರ ಪತ್ರಕ್ಕೆ ಋಣ ಅಂಕ ಕೊಡಬಹುದು. ಆದರೆ ಕಳಿಸಿದವರ ಹೆಸರನ್ನು ಯಾರೂ ನಕಲಿ ಮಾಡಬಲ್ಲರು. ಆದ್ದರಿಂದ ಡಿಕಿಮ್ ಎಂಬ ಡಿಜಿಟಲ್ ಸಹಿ ತಾಳೆಯಾದಾಗ ಮಾತ್ರ ಈ ರಿಯಾಯಿತಿ ಇರಲಿ.

ಜಿಮೇಲ್‌ನಲ್ಲಿ ಅಂಕ ಇಡುವ ಅಧಿಕಾರ ನಮಗಿಲ್ಲ. ಆದರೆ ಫಿಲ್ಟರ್ ಮಾಡಿ, ಇಂಥ ವಿಳಾಸದ ಪತ್ರವನ್ನು ಎಂದೂ ಸ್ಪ್ಯಾಮ್‌ಗೆ ಹಾಕಬೇಡ ಎಂದು ಹೇಳಬಹುದು. ಸ್ಪ್ಯಾಮ್‌ನಲ್ಲಿದ್ದದ್ದು 30 ದಿನಕ್ಕೆ ಅಳಿಸಿಹೋಗುತ್ತದೆ.

ಮೀಸಲಾತಿಯ ಪಟ್ಟಿಯಲ್ಲಿ ಜತ್ತ ತಾಲೂಕಿನ ಹೆಸರಿದೆ. ಆ ಹಕ್ಕಿನ ಪತ್ರ ಮನೆ ಮುಟ್ಟಬೇಕಲ್ಲ? ಅರ್ಜಿ ಹಾಕಿದ ಮಕ್ಕಳು ವಾರಕ್ಕೆ ಎರಡು ಸಲವಾದರೂ ಆ ಪೆಟ್ಟಿಗೆ ತೆರೆದು ನೋಡಲಿ.