ಕಲ್ಲು ತೋರಿಸಲು ದಲ್ಲಾಳಿ ಬೇಕಿಲ್ಲ

ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಅನಂತಪುರ ಜಿಲ್ಲೆಯ ವಜ್ರಕರೂರಿನ ಹೊಲಗಳಲ್ಲಿ ವಜ್ರ ಹುಡುಕುವವರ ಜಾತ್ರೆ. ಅದೇ ಜಿಲ್ಲೆಯ ಗಡಿ ಮಂಡಲ ಬ್ರಹ್ಮಸಮುದ್ರದ ಕಡೆಯೂ ಕುರಿ ಹಿಂದೆ ಹೋದವರು, ಮೊಲ ಅಟ್ಟಿಸಿಕೊಂಡು ಗುಡ್ಡ ಹತ್ತಿದವರು ಲೋಹದಂತೆ ಹೊಳೆಯುವ ಕಲ್ಲು ಕಂಡರೆ ಬಿಟ್ಟು ಬರುವುದು ಕಷ್ಟ. ಕುತೂಹಲ ತಪ್ಪಲ್ಲ. ಆದರೆ ಅದನ್ನು ಮೊದಲು ಯಾರಿಗೆ ತೋರಿಸುತ್ತಾರೆ ಎಂಬುದರ ಮೇಲೆ ಮನೆಯ ಉಳಿವು ನಿಂತಿದೆ.

'ಇದು ಸಿಡಿಲು ಬಡಿದ ಲೋಹ, ಇರಿಡಿಯಂ ಐತೆ, ಕೋಟಿ ಬರ್ತೈತೆ, ಮೊದಲು ಪರೀಕ್ಷೆ ಖರ್ಚು ಹಾಕ್ರಿ' ಎನ್ನುವ ದಲ್ಲಾಳಿಗಳ ದಂಧೆಗೆ 'ರೈಸ್ ಪುಲ್ಲರ್' ಎಂದು ಹೆಸರು. ಅಕ್ಕಿ ಕಾಳು ಎಳೆಯುವ ಲೋಹ ಎಂದು ನಂಬಿಸುವುದು ಇದರ ಬಂಡವಾಳ. ನಾಸಾ ಕೊಳ್ಳುತ್ತದೆ ಎಂದು ಉದ್ಯಮಿಯೊಬ್ಬರಿಂದ 1.43 ಕೋಟಿ ರೂಪಾಯಿ ಪಡೆದ ಆರೋಪದಲ್ಲಿ 2018ರಲ್ಲಿ ದೆಹಲಿ ಪೊಲೀಸರು ತಂದೆ-ಮಗನನ್ನು ಬಂಧಿಸಿದ್ದರು. ಉದ್ಯಮಿಯೇ ಮೋಸ ಹೋದ ಮೇಲೆ ಶೇಂಗಾ ಬೆಳೆದು ಸಾಲ ತೀರಿಸುವವರ ಪಾಡೇನು?

ಇಂಥ ಕಲ್ಲುಗಳಲ್ಲಿ ಹೆಚ್ಚಿನವು ಸಾಮಾನ್ಯ ಖನಿಜಗಳೇ. ತೆಳು ಪದರವಾಗಿ ಏಳುವುದು ಕಾಗೆ ಬಂಗಾರ, ಅಂದರೆ ಅಭ್ರಕ. ಹಿತ್ತಾಳೆ ಬಣ್ಣದ ಪೈರೈಟ್ ಸುತ್ತಿಗೆ ಏಟಿಗೆ ಪುಡಿಯಾಗುತ್ತದೆ, ಚಿನ್ನವಾದರೆ ಚಪ್ಪಟೆಯಾಗುತ್ತದೆ. ಟೈಲ್ಸ್‌ನ ಹಿಂಬದಿಯ ಒರಟು ಭಾಗಕ್ಕೆ ಉಜ್ಜಿದಾಗ ಕೆಂಪು ಗೆರೆ ಬಂದರೆ ಹೆಮಟೈಟ್ ಅದಿರು ಇರಬಹುದು. ಗೆರೆ ಕಪ್ಪಾಗಿ, ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನೆಟೈಟ್ ಇರಬಹುದು. ಮೈಯೆಲ್ಲ ತೂತಿದ್ದರೆ ಹಿಂದಿನವರು ಕಬ್ಬಿಣ ಕರಗಿಸಿ ಚೆಲ್ಲಿದ ಕಿಟ್ಟವಾಗಿರುವ ಸಾಧ್ಯತೆ ಹೆಚ್ಚು.

ಉಲ್ಕೆ ಬಲು ಅಪರೂಪ. ಆಗಷ್ಟೇ ಬಿದ್ದ ಉಲ್ಕೆಯ ಮೇಲೆ ಸುಟ್ಟ ಕಪ್ಪು ಪೊರೆ ಇರುತ್ತದೆ. ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಉಲ್ಕೆಯಲ್ಲ. 2017ರ ಜೂನ್ 6ರಂದು ಜೈಪುರದ ಬಳಿಯ ಮುಕುಂದಪುರದಲ್ಲಿ ಬಿದ್ದ ಉಲ್ಕೆಯನ್ನು ಪರೀಕ್ಷಿಸಿದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೇ ಹೊರತು ಯಾವ ದಲ್ಲಾಳಿಯೂ ಅಲ್ಲ.

ಬೇಟೆಗೆ ಹೋದವರಿಗೆ ಇನ್ನೊಂದು ಅಂಜಿಕೆ. 1972ರ ವನ್ಯಜೀವಿ ಕಾಯ್ದೆಯಡಿ ಮೊಲ ಹೊಡೆಯುವುದೂ ಅಪರಾಧ. ಹಾಗಾಗಿ 'ಎಲ್ಲಿ ಸಿಕ್ತು' ಅಂತ ಕೇಳಿಯಾರು ಎಂದು ಕಚೇರಿಗೆ ಹೋಗದೆ ಗುಟ್ಟಾಗಿ ದಲ್ಲಾಳಿಯ ಮನೆ ಬಾಗಿಲು ತಟ್ಟುತ್ತಾರೆ. ಗುಟ್ಟೇ ದಲ್ಲಾಳಿಯ ಬಲ.

ಈ ಗುಟ್ಟು ಒಡೆಯಬೇಕಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ ಮಳೆಗಾಲದಲ್ಲಿ ತಿಂಗಳಿಗೊಂದು ದಿನವಾದರೂ ಕಲ್ಯಾಣದುರ್ಗದಲ್ಲಿ ಕುಳಿತು, ಜನ ತಂದ ಕಲ್ಲು ನೋಡಿ ಕನ್ನಡ, ತೆಲುಗು ಎರಡರಲ್ಲೂ ತಿಳಿಸಬೇಕು. ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವೂ ಕೈಜೋಡಿಸಬಹುದು. ಹೆಚ್ಚಿನ ಖರ್ಚಿನ ಕೆಲಸವೇನಲ್ಲ.

ಅಲ್ಲಿಯವರೆಗೆ ಗಡಿಯ ಈಚೆ-ಆಚೆಯ ಕನ್ನಡಿಗರು ಒಂದು ಮಾತು ನೆನಪಿಡಲಿ: ಕಲ್ಲು ಪರೀಕ್ಷೆಗೆ ಅಂತ ಮುಂಗಡ ಕೇಳುವವನಿಗೆ ಕಲ್ಲಿನ ಮೇಲೆ ಕಣ್ಣಿಲ್ಲ, ನಿಮ್ಮ ಹೊಲದ ಮೇಲಿದೆ.