ಬಿಸ್ಕತ್ತಿನ ಮೇಲಣ ಹೂವು

ಕಳೆದ ಶ್ರಾವಣದಲ್ಲಿ ನಮ್ಮ ವಿದ್ಯಾರ್ಥಿನಿಲಯದ ವಾರ್ಷಿಕೋತ್ಸವ ನಡೆಯಿತು. ವಿದ್ಯಾರ್ಥಿಗಳು ತಾವೇ ಬಿಸ್ಕತ್ತು ಮಾಡಿ, ಅವುಗಳ ಮೇಲೆ ಸಕ್ಕರೆ ಲೇಪಿಸಿದ ಹೂವುಗಳನ್ನಿಟ್ಟು ಎರಡು ತಟ್ಟೆಗಳಲ್ಲಿ ಜೋಡಿಸಿದ್ದರು. ಮೊದಲನೆಯ ತಟ್ಟೆಯಲ್ಲಿದ್ದುದು ಗುಲಾಬಿಯ ಎಸಳು. ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿದಂತೆ ಹೊಳೆಯುತ್ತಿದ್ದ ಆ ಎಸಳುಗಳು ಮಧ್ಯಾಹ್ನವಾಗುವಷ್ಟರಲ್ಲಿ ನೀರೊಡೆದಿದ್ದವು. ಕೆಳಗಿನ ಬಿಸ್ಕತ್ತು ನೆನೆದ ರಟ್ಟಿನಂತಾಗಿತ್ತು. ಎರಡನೆಯ ತಟ್ಟೆ ನೋಡುವುದಕ್ಕೆ ಇನ್ನೂ ಅಂದವಾಗಿತ್ತು. ಅದರ ಮೇಲಿದ್ದುದು ಕೆಂಪು ಕಣಗಿಲೆ. ಅದನ್ನು ನಾನು ಎತ್ತಿ ಒಳಗೆ ಒಯ್ದೆನು.

ಅದನ್ನು ಮಾಡಿದ್ದ ಹುಡುಗನಿಗೆ ಸಹಜವಾಗಿಯೇ ಬೇಸರವಾಯಿತು. "ದೇವರಿಗೆ ಏರಿಸುವ ಹೂವಲ್ಲವೇ ಸಾರ್, ಇದರಲ್ಲಿ ವಿಷವೆಲ್ಲಿಂದ ಬಂತು?" ಎಂದನು. ಸ್ವಲ್ಪ ತಡೆದು, "ತಿನ್ನುವುದಕ್ಕಲ್ಲ ಸಾರ್, ಬರೀ ಅಲಂಕಾರಕ್ಕೆ. ಹೂವನ್ನು ತೆಗೆದಿಟ್ಟು ಬಿಸ್ಕತ್ತು ತಿಂದರಾಯಿತು" ಎಂದೂ ಸೇರಿಸಿದನು.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಕೆಂಪು ಕಣಗಿಲೆಯಾಗಲಿ ಹಳದಿ ಕಣಗಿಲೆಯಾಗಲಿ, ಗಿಡದ ಪ್ರತಿಯೊಂದು ಭಾಗದಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಒಣಗಿಸಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಉಮ್ಮತ್ತಿಯೂ ಪೂಜೆಗೆ ಸಲ್ಲುವ ಹೂವೇ, ಅದೂ ವಿಷವೇ. ಪೂಜೆಗೆ ಯೋಗ್ಯವಾದುದೆಲ್ಲವೂ ಬಾಯಿಗೆ ಯೋಗ್ಯವೆಂದು ನಮ್ಮ ಹಿರಿಯರು ಎಂದೂ ಎಣಿಸಿದವರಲ್ಲ. ಕುಂಬಳದ ಹೂ, ಬಾಳೆಹೂ, ನುಗ್ಗೆಹೂಗಳನ್ನು ಅವರು ಅಡುಗೆಗೆ ತೆಗೆದುಕೊಂಡರು. ಕಣಗಿಲೆಯನ್ನು ಬೇಲಿಯಲ್ಲಿಯೂ ದೇವರ ತಲೆಯ ಮೇಲೂ ಇಟ್ಟರು.

ಎರಡನೆಯ ಮಾತು ಅಷ್ಟು ಸುಲಭದ್ದಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಕಾರಣವೂ ಅದೇ. ತಿನಿಸಿನ ಮೇಲಿಟ್ಟ ವಸ್ತು "ಬರೀ ಅಲಂಕಾರ"ವಾಗಿ ಉಳಿಯಬಲ್ಲುದೆಂಬ ಆ ನಂಬಿಕೆ ಭೌತಶಾಸ್ತ್ರಕ್ಕೆ ಒಪ್ಪಿತವಾದುದಲ್ಲ.

ಸಕ್ಕರೆಯ ಹೂವನ್ನು ಹೇಗೆ ಮಾಡುವರೆಂಬುದನ್ನು ನೋಡೋಣ. ಎಸಳಿನ ಎರಡು ಮೈಗೂ ಅಂಟನ್ನು ತೆಳುವಾಗಿ ಸವರಿ, ಸಣ್ಣ ಹರಳಿನ ಸಕ್ಕರೆಯನ್ನು ಉದುರಿಸಿ, ಗಾಳಿಯಲ್ಲಿ ಆರಲು ಬಿಡುವುದು, ಇಷ್ಟೇ ಕೆಲಸ. ಫ್ರಾನ್ಸಿನ ತುಲೂಸ್ ನಗರದ ಸಕ್ಕರೆಯ ವಯೊಲೆಟ್ ಹೂಗಳು ಹೆಸರಾಂತವು. ಅಂಟಿಗಾಗಿ ಹಲವರು ಹಸಿ ಮೊಟ್ಟೆಯ ಬಿಳಿಯ ಭಾಗವನ್ನು ಬಳಸುವರು. ಹಸಿ ಮೊಟ್ಟೆಯಿಂದ ರೋಗಾಣುಗಳು ಬರುವ ಭಯವಿರುವುದರಿಂದ ನಾನು ಅದನ್ನು ಒಪ್ಪಲಾರೆ. ತಿನ್ನುವ ಜಾತಿಯ ಜಾಲಿಯ ಗೋಂದನ್ನು ನೀರಿನಲ್ಲಿ ಕರಗಿಸಿದರೆ ಸಾಕು.

ಸಕ್ಕರೆ ಮೆತ್ತಿದೊಡನೆ ಎಸಳಿನೊಳಗೆ ಏನಾಗುತ್ತದೆ? ಎಸಳಿನ ತೂಕದಲ್ಲಿ ಬಹುಪಾಲು ನೀರೇ. ಹೊರಗಿನ ಸಕ್ಕರೆ ಮೊದಲು ಅಂಟಿನ ತೇವದಲ್ಲಿ ಕರಗಿ ಅತಿ ಗಾಢವಾದ ದ್ರಾವಣವಾಗುವುದು. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ೧೦೦ ಗ್ರಾಂ ನೀರು ಸುಮಾರು ೨೦೦ ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆಂದರೆ ಆ ಗಾಢತೆಯನ್ನು ಊಹಿಸಬಹುದು. ಇಂತಹ ದ್ರಾವಣ ಎಸಳಿನ ಜೀವಕೋಶಗಳಿಂದ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಇದೇ ಅಭಿಸರಣ. ಉಪ್ಪು ಹಾಕಿದ ಮಾವಿನ ಮಿಡಿ ನೀರು ಬಿಡುವುದೂ, ಗುಲ್ಕಂದದ ಭರಣಿಯಲ್ಲಿ ಗುಲಾಬಿಯ ಎಸಳು ರಸವಾಗುವುದೂ ಇದರಿಂದಲೇ. ಕೋಶಗಳು ಸತ್ತು ಅವುಗಳ ಪೊರೆ ಕೆಟ್ಟಮೇಲೆ ನೀರಿನೊಡನೆ ಅದರಲ್ಲಿ ಕರಗಿದ್ದ ಬಣ್ಣ, ಕಂಪು, ಕಹಿ ಎಲ್ಲವೂ ಹೊರಬರುವುವು.

ಹೊರಬಂದ ರಸ ಹೋಗುವುದಾದರೂ ಎಲ್ಲಿಗೆ? ಸ್ವಲ್ಪ ಗಾಳಿಗೆ, ಉಳಿದುದು ಬಿಸ್ಕತ್ತಿಗೆ. ಉಷ್ಣದ ವಿಷಯದಲ್ಲಿ ಒಂದು ನಿಯಮವನ್ನು ನೀವು ಓದಿದ್ದೀರಿ: ಉಷ್ಣ ಹರಿಯುವುದು ಅದರ ಮೊತ್ತ ಹೆಚ್ಚಿರುವ ಕಡೆಯಿಂದಲ್ಲ, ಉಷ್ಣತೆ ಹೆಚ್ಚಿರುವ ಕಡೆಯಿಂದ. ಒಂದು ಕೊಳಗ ಉಗುರುಬೆಚ್ಚಗಿನ ನೀರಿಗೆ ಕಾದ ಸೂಜಿಯೊಂದು ಉಷ್ಣವನ್ನು ಕೊಡುತ್ತದೆಯೇ ಹೊರತು ಪಡೆಯುವುದಿಲ್ಲ. ತೇವದ ವಿಷಯವೂ ಹೀಗೆಯೇ. ನೀರು ಎಷ್ಟಿದೆ ಎಂಬುದಕ್ಕಿಂತ, ಆ ನೀರಿಗೆ ಹೊರಗೆ ಹೋಗುವ ಒತ್ತಡ ಎಷ್ಟಿದೆ ಎಂಬುದು ಮುಖ್ಯ. ಆಹಾರದಲ್ಲಿ ರೋಗಾಣುಗಳ ಬೆಳವಣಿಗೆಯೂ ಈ ಒತ್ತಡವನ್ನೇ ಅವಲಂಬಿಸಿದೆಯೆಂದು ೧೯೫೩ರಲ್ಲಿ ಆಸ್ಟ್ರೇಲಿಯದ ಸ್ಕಾಟ್ ಎಂಬ ವಿಜ್ಞಾನಿ ತೋರಿಸಿದನು. ಹಸಿ ಎಸಳಿನಲ್ಲಿ ಅದು ಬಲು ಹೆಚ್ಚು. ಗರಿಗರಿಯಾದ ಬಿಸ್ಕತ್ತಿನಲ್ಲಿ ಬಲು ಕಡಮೆ. ಎರಡೂ ಸಮನಾಗುವವರೆಗೆ ನೀರು ಇಳಿಯುತ್ತಲೇ ಇರುವುದು. ಗುಲಾಬಿಯಾದರೆ ಗುಲಾಬಿಯ ರಸ, ಕಣಗಿಲೆಯಾದರೆ ಕಣಗಿಲೆಯದು. ಹೂವನ್ನು ತೆಗೆದಿಟ್ಟು ತಿಂದವನೂ ಹೂವನ್ನು ತಿಂದವನೇ!

ಇದನ್ನು ಕೇಳಿದ ಹುಡುಗ ಸುಮ್ಮನಾದನು. ಗುಲಾಬಿಯ ತಟ್ಟೆಯವರು ಮಾತ್ರ ಸುಮ್ಮನಾಗಲಿಲ್ಲ. ತಮ್ಮ ಹೂವು ಆರದೆ ಹೋದುದಕ್ಕೆ ಸಕ್ಕರೆ ಕಳಪೆಯಾಗಿದ್ದುದೇ ಕಾರಣವೆಂದು ಅವರ ವಾದ. ಪಾಪ, ಸಕ್ಕರೆಯ ತಪ್ಪೇನೂ ಇರಲಿಲ್ಲ. ಸಕ್ಕರೆಯ ಪರ್ಯಾಪ್ತ ದ್ರಾವಣವು ಸುತ್ತಣ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ೮೫ ಶೇಕಡಕ್ಕಿಂತ ಕಡಮೆಯಿದ್ದರೆ ಮಾತ್ರ ನೀರನ್ನು ಬಿಟ್ಟುಕೊಟ್ಟು ಹರಳುಗಟ್ಟುವುದು. ಗಾಳಿ ಅದಕ್ಕಿಂತ ತೇವವಾಗಿದ್ದರೆ, ಆರಿದ ಹರಳೇ ಗಾಳಿಯಿಂದ ನೀರನ್ನು ಹೀರಿ ಕರಗತೊಡಗುವುದು. ಶ್ರಾವಣದ ಜಡಿಮಳೆಯಲ್ಲಿ ಕಿಟಕಿ ತೆರೆದಿಟ್ಟು ಹೂವನ್ನು ಆರಿಸಹೊರಟವರು ಗಾಳಿಯನ್ನು ಒಂದು ಮಾತು ಕೇಳಬೇಕಾಗಿತ್ತು.

ಗಾಳಿಯನ್ನು ಕೇಳುವ ಉಪಕರಣ ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲೆಯೇ ತೂಗಾಡುತ್ತಿದೆ. ಎರಡು ಉಷ್ಣಮಾಪಕಗಳು, ಒಂದರ ಬಲ್ಬು ಒಣಗಿರುವುದು, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿರುವುದು. ಇದರಿಂದ ಆರ್ದ್ರತೆಯನ್ನು ಕಂಡುಹಿಡಿಯುವ ಪ್ರಯೋಗವನ್ನು ಎಲ್ಲರೂ ಮಾಡುವರು. ಅಥವಾ ಮಾಡಿದಂತೆ ಬರೆಯುವರು. ಹಿಂದಿನ ವರ್ಷದವರ ಪುಸ್ತಕದಲ್ಲಿದ್ದ ಅಂಕಿಯೇ ಈ ವರ್ಷದವರ ಪುಸ್ತಕಕ್ಕೂ ಬರುವುದನ್ನು ನಾನು ಬಲ್ಲೆ. ನಾನೂ ವಿದ್ಯಾರ್ಥಿಯಾಗಿದ್ದವನೇ. ಅವರನ್ನು ನಾನು ಹೆಚ್ಚು ದೂರಲಾರೆ. ಆ ಅಂಕಿ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲವಾದ ಮೇಲೆ ಅದನ್ನು ಸರಿಯಾಗಿ ಅಳೆಯುವ ಮನಸ್ಸು ಹೇಗೆ ಬಂದೀತು? ಪಠ್ಯಕ್ರಮವನ್ನು ರಚಿಸುವವರು ಈ ಪ್ರಯೋಗದ ಜೊತೆಗೆ ಒಂದು ತಟ್ಟೆ ಸಕ್ಕರೆಯ ಹೂವನ್ನೂ ಸೇರಿಸಬೇಕೆಂಬುದು ನನ್ನ ಸೂಚನೆ. ಲೆಕ್ಕ ಹಾಕಿ ನೋಡಿದರೆ, ೨೮ ಡಿಗ್ರಿಯ ಗಾಳಿಯಲ್ಲಿ ಒದ್ದೆ ಬಲ್ಬು ೨೬ ತೋರಿಸಿದಾಗ ಆರ್ದ್ರತೆ ಸರಿಸುಮಾರು ೮೫. ಎರಡರ ಅಂತರ ಎರಡು ಡಿಗ್ರಿಗಿಂತ ಕಡಮೆಯಿದ್ದರೆ ಹೂವು ಆರದು. ಈ ಒಂದು ಅಂಕಿಯನ್ನು ಹೂವಿನಿಂದಲೇ ಕಂಡುಕೊಂಡ ವಿದ್ಯಾರ್ಥಿ ಅದನ್ನು ಇನ್ನೊಬ್ಬರ ಪುಸ್ತಕದಿಂದ ನಕಲು ಮಾಡಬೇಕಾಗಿಲ್ಲ.

ಇದೆಲ್ಲ ಪರದೇಶದ ಷೋಕಿ, ಕಾಲೇಜಿಗೆ ತಕ್ಕುದಲ್ಲವೆಂದು ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಮನೆಯಲ್ಲಿಯೇ ಸಂಕ್ರಾಂತಿಗೆ ಕುಸುರೆಳ್ಳು ಮಾಡುವರು! ಅಗಲವಾದ ಪಾತ್ರೆಯಲ್ಲಿ ಎಳ್ಳನ್ನು ಹದವಾಗಿ ಬೆಚ್ಚಗಿಟ್ಟು, ಪಾಕವನ್ನು ಚೂರುಚೂರೇ ಬಿಡುತ್ತ ಕೈಯಾಡಿಸಿದರೆ ಪ್ರತಿ ಕಾಳಿನ ಮೇಲೂ ಸಕ್ಕರೆಯ ಮುಳ್ಳು ಏಳುವುದು. ಚಳಿಯ ಬೆಳಗಿನಲ್ಲಿ ಕುಳಿತರೆ ಮುಳ್ಳು ಚೆನ್ನಾಗಿ ಬರುವುದೆಂದು ಹೆಂಗಸರು ಹೇಳುವರು. ಹಬ್ಬವೇ ನಮ್ಮಲ್ಲಿ ಮಳೆ ಕಳೆದ ಒಣ ಕಾಲದಲ್ಲಿ ಬರುವುದು. ಉಪಕರಣವಿಲ್ಲದೆ ಗಾಳಿಯ ಹದವನ್ನು ಗುರುತಿಸಿದ ಆ ಕೈಗಳ ಮುಂದೆ, ಉಪಕರಣವಿದ್ದೂ ಅದರ ಕಡೆ ಕಣ್ಣೆತ್ತಿ ನೋಡದ ನಾವು ಸ್ವಲ್ಪ ನಾಚಬೇಕು.

ಮನೆಯಲ್ಲಿ ಮಾಡಿನೋಡುವವರಿಗೆ ಎರಡು ಮಾತು. ಹೂವಿನ ಅಂಗಡಿಯಿಂದ ಗುಲಾಬಿಯನ್ನು ತರಬೇಡಿ. ಅದನ್ನು ಬೆಳೆದವನು ಮಾಲೆಗೆಂದು ಬೆಳೆದನೇ ಹೊರತು ಬಾಯಿಗೆಂದಲ್ಲ. ಕೀಟನಾಶಕವನ್ನು ಸಿಂಪಡಿಸಿದ್ದರೆ ಅದೂ ರಸದೊಡನೆ ಇಳಿಯುವುದು. ಔಷಧ ಹೊಡೆಯದ ನಿಮ್ಮದೇ ಗಿಡದ ಹೂವಾಗಲಿ. ಹೆಸರನ್ನು ಖಚಿತವಾಗಿ ತಿಳಿಯದ ಹೂವನ್ನಂತೂ ಮುಟ್ಟಲೇಬೇಡಿ. ಇನ್ನು, ಬಿಸ್ಕತ್ತು ಬೇಯುವ ಮೊದಲೇ ಹೂವನ್ನು ಇಡಬಾರದು. ಕಾಗದದಷ್ಟು ತೆಳ್ಳಗಿನ ಎಸಳು ೧೭೦ ಡಿಗ್ರಿಯ ಒಲೆಯಲ್ಲಿ ಕಂದಿಹೋಗುವುದು. ಅಲ್ಲದೆ ಹಿಟ್ಟಿನಲ್ಲಿ ಅಡುಗೆ ಸೋಡ ಹೆಚ್ಚಾಗಿದ್ದರೆ ದಾಸವಾಳದ ಕೆಂಪು ನೀಲಿ ತಿರುಗುವುದು. ನಿಂಬೆಯ ರಸ ಸೋಕಿದರೆ ಮತ್ತೆ ಕೆಂಪಾಗುವುದು.

ಜನವರಿಯಲ್ಲಿ ಅದೇ ಹುಡುಗರು ಮತ್ತೊಮ್ಮೆ ಗುಲಾಬಿಯ ಎಸಳನ್ನು ಪ್ರಯೋಗಶಾಲೆಯಲ್ಲಿ ಆರಲಿಟ್ಟರು. ಉಷ್ಣಮಾಪಕಗಳ ಅಂತರ ಅಂದು ಮಧ್ಯಾಹ್ನ ಎಂಟು ಡಿಗ್ರಿಯನ್ನು ದಾಟಿತ್ತು. ಮರುದಿನಕ್ಕೆ ಎಸಳುಗಳು ಗಾಜಿನ ಚೂರಿನಂತೆ ಸದ್ದುಮಾಡಿದವು. ಅವುಗಳಲ್ಲಿ ಒಂದು ಹಿಡಿಯಷ್ಟನ್ನು ಬಿಗಿಮುಚ್ಚಳದ ಸೀಸೆಯಲ್ಲಿ ಎತ್ತಿಟ್ಟು, ಮುಂದಿನ ಶ್ರಾವಣದಲ್ಲಿ ಅರ್ಧವನ್ನು ಹೊರಗೆ ತೆಗೆದಿಡುವುದೆಂದು ನಿಶ್ಚಯಿಸಿದ್ದಾರೆ. ಸೀಸೆಯ ಮೇಲೆ ಹೂವಿನ ಹೆಸರು, ಗಿಡವಿರುವ ಸ್ಥಳ ಮತ್ತು ದಿನಾಂಕವನ್ನು ಬರೆದು ಅಂಟಿಸಿದವನು ಕಣಗಿಲೆಯ ತಟ್ಟೆಯ ಹುಡುಗ.